ಗೇಟಿನ ಬೀಗದ ಕೈ ಯಾರ ಬಳಿ?

ಮಾನ್ಯರೇ,

ಫುಟ್‌ಬಾಲ್ ವಿಶ್ವಕಪ್, ಯೂರೊ ಕಪ್ ಬಂತೆಂದರೆ ನಮ್ಮ ಹಾಸನದಲ್ಲೂ ಹುಡುಗರು ನಿದ್ದೆಗೆಟ್ಟು ಪಂದ್ಯ ನೋಡುತ್ತಾರೆ. ಅಲ್ಲೆಲ್ಲೋ ಗಲಾಟೆಯಾದರೆ ಅಭಿಮಾನಿಗಳ ಪುಂಡಾಟ ಎಂದು ಮಾತು ಮುಗಿಸಿಬಿಡುತ್ತೇವೆ. ಪುಂಡರು ಇದ್ದಾರೆ, ನಿಜ. 2016ರಲ್ಲಿ ಫ್ರಾನ್ಸ್‌ನ ಮಾರ್ಸೇಯಲ್ಲಿ ರಷ್ಯಾ, ಇಂಗ್ಲೆಂಡ್ ಅಭಿಮಾನಿಗಳು ಬೀದಿಯಲ್ಲೇ ಹೊಡೆದಾಡಿದರು. ಅಂಥವರನ್ನು ಕ್ರೀಡಾಂಗಣದ ಹತ್ತಿರಕ್ಕೂ ಬಿಡಬಾರದು.

ಆದರೆ ಬರೀ ಪುಂಡರನ್ನು ಬೈದರೆ ಸಾಕಾ? 1985ರಲ್ಲಿ ಬ್ರಸೆಲ್ಸ್‌ನ ಹೇಸಲ್ ಕ್ರೀಡಾಂಗಣದಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ತಂಡದ ಅಭಿಮಾನಿಗಳು ಎದುರಾಳಿ ತಂಡದ ಅಭಿಮಾನಿಗಳತ್ತ ನುಗ್ಗಿದ್ದು ತಪ್ಪೇ. ಅವರನ್ನು ತಡೆಯಲು ಮಧ್ಯೆ ಇದ್ದದ್ದು ಒಂದು ತಂತಿಬೇಲಿ! ಹಳೇ ಗೋಡೆ ಕುಸಿಯಿತು, 39 ಜನ ಸತ್ತರು. 2022ರ ಜನವರಿಯಲ್ಲಿ ಆಫ್ರಿಕಾ ಕಪ್ ನಡೆಯುವಾಗ ಕ್ಯಾಮರೂನ್‌ನ ಯೌಂಡೆಯಲ್ಲಿ ಹೊಡೆದಾಟವೇ ಇರಲಿಲ್ಲ. ಜನ ತಮ್ಮ ದೇಶದ ಆಟ ನೋಡಲು ಬಂದಿದ್ದರು, ಅಷ್ಟೇ. ತೆರೆದಿರಬೇಕಿದ್ದ ಗೇಟು ಮುಚ್ಚಿತ್ತು. ನೂಕುನುಗ್ಗಲಿನಲ್ಲಿ 8 ಮಂದಿ ಪ್ರಾಣ ಬಿಟ್ಟರು. ಅದೇ ವರ್ಷ ಇಂಡೊನೇಷ್ಯಾದ ಮಲಾಂಗ್‌ನಲ್ಲಿ ಪೊಲೀಸರು ಗ್ಯಾಲರಿಗೇ ಅಶ್ರುವಾಯು ಹಾರಿಸಿದರು. ಜನ ಉಸಿರುಗಟ್ಟಿ ಬಾಗಿಲಿಗೆ ಓಡಿದರು. 130ಕ್ಕೂ ಹೆಚ್ಚು ಸಾವು.

ದೂರದ ಮಾತು ಯಾಕೆ? 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಕಾಲ್ತುಳಿತಕ್ಕೆ 11 ಜನ ಬಲಿಯಾದರು. ಆ ಸಂಕಟ ಇನ್ನೂ ಆರಿಲ್ಲ.

ಹಾಸನಾಂಬೆ ದರ್ಶನದ ಸಾಲು ನೋಡುವ ನಮ್ಮ ಜಿಲ್ಲಾಡಳಿತಕ್ಕೆ ಜನಜಂಗುಳಿ ಹೊಸದಲ್ಲ. ಪಂದ್ಯಾವಳಿಗೆ, ದೊಡ್ಡ ಪರದೆಗೆ, ವಿಜಯೋತ್ಸವಕ್ಕೆ ಅನುಮತಿ ಕೊಡುವ ಮುಂಚೆ ಎಷ್ಟು ಗೇಟುಗಳಿವೆ, ಬೀಗದ ಕೈ ಯಾರ ಬಳಿ ಇರುತ್ತದೆ, ಆಂಬುಲೆನ್ಸ್ ಎಲ್ಲಿ ನಿಲ್ಲುತ್ತದೆ ಎಂದು ಆಯೋಜಕರಿಂದ ಬರೆಸಿಕೊಳ್ಳಲಿ. ಪಂದ್ಯದ ದಿನ ಅಧಿಕಾರಿಯೊಬ್ಬರು ಖುದ್ದಾಗಿ ಹೋಗಿ ಗೇಟು ತೆಗೆಸಿ ನೋಡಲಿ.

– ಫುಟ್‌ಬಾಲ್ ಅಭಿಮಾನಿ, ಹಾಸನ