ಅನ್ನಾಳನ್ನು ಯಾರೂ ಹುಡುಕುತ್ತಿಲ್ಲ, ಮಾರಾಯ

ಪ್ರೀತಿಯ ರಾಘು,

ನಿನ್ನ ಕಾಟಕ್ಕೆ ಕೊನೆಗೂ ಇಟಲಿಯ ನಿರ್ದೇಶಕ ಆಂತೋನಿಯೋನಿಯ ‘ಲಾವ್ವೆಂತೂರಾ’ ಸಿನಿಮಾ ನೋಡಿದೆ. ಮೊದಲ ಅರ್ಧ ಗಂಟೆ ನಿನ್ನ ವಂಶವನ್ನೆಲ್ಲ ನೆನೆದೆ. (ಓದುತ್ತಿರುವ ಉಳಿದವರು ಕ್ಷಮಿಸಿ, ರಾಘುವಿಗೆ ಇದು ಹೊಸದಲ್ಲ.)

ಶ್ರೀಮಂತರ ಗುಂಪೊಂದು ಸಿಸಿಲಿ ಕಡೆಯ ಲಿಸ್ಕಾ ಬಿಯಾಂಕಾ ಎಂಬ ಬೋಳು ದ್ವೀಪಕ್ಕೆ ಹೋಗುತ್ತದೆ. ಅಲ್ಲಿ ಅನ್ನಾ ಕಾಣೆಯಾಗುತ್ತಾಳೆ. ಹುಡುಕುತ್ತಾ ಹುಡುಕುತ್ತಾ ಅವಳ ಪ್ರಿಯಕರನೂ ಅವಳ ಗೆಳತಿಯೂ ಹತ್ತಿರವಾಗುತ್ತಾರೆ. ಅನ್ನಾ ಏನಾದಳೆಂದು ಸಿನಿಮಾ ಹೇಳುವುದೇ ಇಲ್ಲ! 1960ರಲ್ಲಿ ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ ಜನ ಕೂಗಿ, ನಕ್ಕು ಗಲಾಟೆ ಮಾಡಿದ್ದರಂತೆ. ನಾನಿದ್ದಿದ್ದರೆ ಮೊದಲ ಶಿಳ್ಳೆ ನನ್ನದೇ. ಆಮೇಲೆ ರೊಸೆಲಿನಿಯಂಥ ನಿರ್ದೇಶಕರು ಹೇಳಿಕೆಗೆ ಸಹಿ ಹಾಕಿ ಬೆಂಬಲಕ್ಕೆ ನಿಂತರು, ಜ್ಯೂರಿ ಪ್ರಶಸ್ತಿಯೂ ಬಂತು. ನೀನು ಆ ಸಹಿ ಪಾರ್ಟಿ, ಬಿಡು.

ಆ ಆಂತೋನಿಯೋನಿಯ ಹಟ ನೋಡು. ನಟರು ತಮ್ಮ ಕೆಲಸ ಮುಗಿಯಿತು ಅಂದುಕೊಂಡ ಮೇಲೂ ಕ್ಯಾಮೆರಾ ಓಡಿಸುತ್ತಿದ್ದ. ‘ರೆಡ್ ಡೆಸರ್ಟ್’ ಅನ್ನೋ ಸಿನಿಮಾಕ್ಕೆ ಮರಗಳಿಗೇ ಬಣ್ಣ ಬಳಿಸಿದ. 1985ರಲ್ಲಿ ಪಾರ್ಶ್ವವಾಯು ಹೊಡೆದು ಮಾತು ಹೋಯಿತು. ಆದರೂ ಹತ್ತು ವರ್ಷದ ನಂತರ ಜರ್ಮನ್ ನಿರ್ದೇಶಕ ವಿಮ್ ವೆಂಡರ್ಸ್ ನೆರವಿನಲ್ಲಿ ಇನ್ನೊಂದು ಸಿನಿಮಾ ಮಾಡಿದ. ನಮಗೆ ನೆಗಡಿ ಬಂದರೆ ರಜೆ.

ನನ್ನ ನಿದ್ದೆ ಕೆಟ್ಟಿದ್ದು ಬೇರೆ ಕಾರಣಕ್ಕೆ. ಅನ್ನಾಳನ್ನು ಹುಡುಕುವುದು ಯಾವಾಗ ನಿಂತಿತು ಅಂತ ಗೊತ್ತೇ ಆಗಲಿಲ್ಲ. ನಾನೂ ಮರೆತಿದ್ದೆ, ಮಾರಾಯ. ಆ ಗೆಳತಿಯ ಪಾತ್ರ ಮಾಡಿದ ಮೋನಿಕಾ ವಿತ್ತಿಯ ಮುಖ ನೋಡುತ್ತಾ ಕೂತಿದ್ದೆ.

ಒಂದು ಹೇಳಲಾ? ಕೆಲವು ಶನಿವಾರ ಬೇಕಂತಲೇ ಫೋನ್ ಆಫ್ ಮಾಡಿಡುತ್ತೇನೆ. ಸುಮ್ನೆ. ಸೋಮವಾರ ಆನ್ ಮಾಡಿದರೆ ಲೋನ್ ಬೇಕಾ ಅನ್ನುವವರ ಮೆಸೇಜು ಬಿಟ್ಟು ಏನೂ ಇರುವುದಿಲ್ಲ. ನಿನ್ನದೂ ಇರುವುದಿಲ್ಲ. ದೂರುತ್ತಿಲ್ಲ, ನಾನು ನಿನ್ನನ್ನು ಯಾವತ್ತು ಹುಡುಕಿದ್ದೆ? ಅಪ್ಪ ಇದ್ದಾಗ ರಾತ್ರಿ ಒಂಬತ್ತಾದರೆ ‘ಎಲ್ಲಿ ಸತ್ತೆಯೋ’ ಅಂತ ಫೋನು ಬರುತ್ತಿತ್ತು. ಆಗ ಸಿಟ್ಟು ಬರುತ್ತಿತ್ತು.

ಛೆ, ಇದನ್ನೆಲ್ಲ ಬರೆಯುವ ಉದ್ದೇಶ ಇರಲಿಲ್ಲ. ಇಷ್ಟು ಜನರೆದುರು ಬೇರೆ. ಅಳಿಸಿದರೆ ಪತ್ರದಲ್ಲಿ ನಿನ್ನನ್ನು ಬೈದದ್ದಷ್ಟೇ ಉಳಿಯುತ್ತದೆ, ಹಾಗಾಗಿ ಇರಲಿ. ನಾನೇನೂ ದ್ವೀಪದಲ್ಲಿ ಕಳೆದುಹೋಗುವ ಆಸಾಮಿ ಅಲ್ಲ. ದೋಣಿ ಹತ್ತಿದರೆ ನನಗೇನಾಗುತ್ತದೆ ಅಂತ ನಿನಗೆ ಗೊತ್ತಲ್ಲ. ನೀಲಿ ಚೀಲದ ಆಣೆ, ಇಲ್ಲಿ ಬಾಯಿ ಬಿಡಬೇಡ.

ಮುಂದಿನ ಸಲ ಯಾವುದಾದರೂ ನಮ್ಮ ಹಳೇ ಕನ್ನಡ ಸಿನಿಮಾ ಹೇಳು. ಅದರಲ್ಲಿ ಜಾತ್ರೆಯಲ್ಲಿ ತಪ್ಪಿಸಿಕೊಂಡವರು ಕೊನೇ ರೀಲಿಗೆ ಸಿಕ್ಕೇ ಸಿಗುತ್ತಾರೆ. ಅದೂ ಹಾಡಿನ ಸಮೇತ.

ನಿನ್ನ,
ಭಟ್ಟ