ಹೆವಿ ಲೈಸೆನ್ಸ್ ಇದೆ, ಲಾರಿ ಕೊಡೋರಿಲ್ಲ: ಗೆಳೆಯನಿಗೊಂದು ಪತ್ರ

ಪೀಣ್ಯ, ಬೆಂಗಳೂರು

ಲೋ ಗೆಳೆಯಾ,

ಮೊನ್ನೆ ರಾತ್ರಿ ನೀನು ಫೋನ್ ಮಾಡಿದಾಗ ಮಾದಾವರದ ಹತ್ತಿರ ಲಾರಿ ಸೈಡಿಗೆ ಹಾಕಿಕೊಂಡು, ನೋ ಎಂಟ್ರಿ ಟೈಮ್ ಯಾವಾಗ ಮುಗಿಯುತ್ತೋ ಅಂತ ಕಾಯುತ್ತಿದ್ದೆ. ಹಿಂದೆ ಮುಂದೆ ಹಾರನ್ನು. ನೀನು ಹೇಳಿದ್ದರಲ್ಲಿ ಅರ್ಧ ಕೇಳಿಸಿತು, ಅರ್ಧ ಊಹೆ ಮಾಡಿದೆ. ಹೆವಿ ಲೈಸೆನ್ಸ್ ನಿನ್ನ ಕೈಗೆ ಬಂದು ಎರಡು ತಿಂಗಳಾಯಿತು, ಐದಾರು ಲಾರಿ ಆಫೀಸು ಸುತ್ತಿದ್ದೀಯ, ಎಲ್ಲರೂ ಕೇಳುವುದು ಒಂದೇ ಮಾತು: ಎಷ್ಟು ವರ್ಷ ಓಡಿಸಿದ್ದೀಯ? ಅಷ್ಟೇ ಅಲ್ವಾ ವಿಷಯ? ಹೆವಿ ಇನ್ನೂ ಇಲ್ಲದ ನಮ್ಮೂರಿನ ಇನ್ನಿಬ್ಬರು ಹುಡುಗರೂ ಡ್ರೈವರ್ ಕೆಲಸದ ಬಗ್ಗೆ ಕೇಳಿದ್ದಾರೆ. ಅದಕ್ಕೇ ಎಲ್ಲರೂ ಓದುವ ಹಾಗೆ ಬರೆದು ಹಾಕುತ್ತಿದ್ದೇನೆ. ಬೇಜಾರು ಮಾಡಿಕೊಳ್ಳಬೇಡ, ನಿನ್ನ ಹೆಸರು ಹಾಕಿಲ್ಲ.

ಮೊದಲು ನನ್ನ ಕತೆ ಕೇಳು. ಇದನ್ನು ನಿನಗೂ ಹೇಳಿರಲಿಲ್ಲ.

2012ರಲ್ಲಿ ನಾನೂ ಯಶವಂತಪುರದ ಟ್ರಕ್ ಟರ್ಮಿನಲ್‌ನಲ್ಲಿ ಹೀಗೇ ಅಲೆದವನು. ಮೂರು ವಾರ ಆದ ಮೇಲೆ ತಲೆ ಕೆಟ್ಟು ಒಂದು ಕಡೆ ಸುಳ್ಳು ಹೇಳಿದೆ. 'ಎರಡು ವರ್ಷ ಹತ್ತು ಚಕ್ರದ ಗಾಡಿ ಓಡಿಸಿದ್ದೀನಿ ಸಾರ್' ಅಂದುಬಿಟ್ಟೆ. ಆ ಮಾಲೀಕರು ಪೇಪರ್ ಕೇಳಲಿಲ್ಲ, ಯಾರ ಹತ್ತಿರ ಇದ್ದೆ ಅಂತಲೂ ಕೇಳಲಿಲ್ಲ. ಕೀ ಕೈಗೆ ಕೊಟ್ಟು, 'ಅಲ್ಲಿ ಎರಡು ಲಾರಿ ಮಧ್ಯೆ ಹಿಂದಕ್ಕೆ ಹಾಕು' ಅಂದರು. ಕ್ಲೀನರ್ ಹುಡುಗ ಬಾಡಿ ಬಡಿಯುತ್ತಾ 'ಬರ್ಲಿ ಬರ್ಲಿ' ಅನ್ನುತ್ತಿದ್ದ. ನಾನು ಕನ್ನಡಿ ನೋಡುವುದು ಬಿಟ್ಟು ಕಿಟಕಿಯಿಂದ ಕತ್ತು ಹೊರಗೆ ಹಾಕಿದೆ. 'ಹೋಲ್ಡಾನ್!' ಅಂತ ಅವನು ಕೂಗುವಷ್ಟರಲ್ಲಿ ಪಕ್ಕದ ಲಾರಿಯ ಟೈಲ್ ಲ್ಯಾಂಪ್ ಪುಡಿ. ಮಾಲೀಕರು ಬೈಯಲಿಲ್ಲ. 'ಎರಡು ವರ್ಷ ಯಾವ ಲಾರಿ ಓಡಿಸಿದೆ, ಆಟದ ಸಾಮಾನಿನದಾ?' ಅಂದರು, ಅಷ್ಟೇ. ಸುತ್ತ ಇದ್ದವರೆಲ್ಲ ನಕ್ಕರು. ಲ್ಯಾಂಪಿನ ದುಡ್ಡು ಕೊಟ್ಟು ಬಂದೆ.

ನಿನಗೆ ಹೇಳಬೇಕಾಗಿರುವುದು ಇದೇ ಕಣೋ. ಅವರು ಬಾಯಲ್ಲಿ ಕೇಳುವುದು ವರ್ಷದ ಲೆಕ್ಕ, ಕಣ್ಣಲ್ಲಿ ನೋಡುವುದು ರಿವರ್ಸ್. ಹೈವೇಯಲ್ಲಿ ನೇರ ಓಡಿಸುವುದನ್ನು ಯಾರು ಬೇಕಾದರೂ ಒಂದು ವಾರದಲ್ಲಿ ಕಲಿಯುತ್ತಾರೆ. ಗೋಡೌನ್ ಬಾಗಿಲಿಗೆ ಒಂದು ಗೇಣು ಬಿಟ್ಟು ಲಾರಿ ಹಚ್ಚುವುದು ಬೇರೆ ವಿದ್ಯೆ.

ಆ ವಿದ್ಯೆ ನಿನ್ನ ಹತ್ತಿರ ಇದೆ, ಮಾರಾಯ! ಮದ್ದೂರಿನ ಕಡೆ ಆ ಆಲೆಮನೆಯ ಸಂದಿಯೊಳಗೆ ಕಬ್ಬು ತುಂಬಿದ ಟ್ರೇಲರ್‌ನ್ನು ಟ್ರ್ಯಾಕ್ಟರ್‌ನಲ್ಲಿ ಹಿಂದಕ್ಕೆ ಹಾಕುತ್ತಿದ್ದವನು ನೀನಲ್ವಾ? ಒಂದು ಸಲ ನಾನು ಟ್ರೈ ಮಾಡಿ ಟ್ರೇಲರ್ ಮಡಚಿಕೊಂಡು ನಿಂತಿತ್ತು, ನೆನಪಿದೆಯಾ? ಹಿಂದಿನದು ಬಲಕ್ಕೆ ಹೋಗಬೇಕಾದರೆ ಸ್ಟೇರಿಂಗ್ ಮೊದಲು ಎಡಕ್ಕೆ ತಿರುಗಿಸಬೇಕು. ಇದು ನಿನ್ನ ಕೈಗೆ ಗೊತ್ತು. ಹತ್ತು ಚಕ್ರದ ಲಾರಿಗೆ ಮಧ್ಯದಲ್ಲಿ ಮಡಚುವ ಕೀಲು ಇಲ್ಲ, ಅದರ ರಿವರ್ಸ್ ನಿನಗೆ ಇದಕ್ಕಿಂತ ಸುಲಭ. ಆಫೀಸಿಗೆ ಹೋದಾಗ 'ಅನುಭವ ಇಲ್ಲ ಸಾರ್' ಅಂತ ತಲೆ ತಗ್ಗಿಸಬೇಡ. 'ಆರು ವರ್ಷ ಕಬ್ಬಿನ ಟ್ರೇಲರ್ ಓಡಿಸಿದ್ದೀನಿ, ಬೇಕಾದರೆ ಈಗಲೇ ರಿವರ್ಸ್ ಹಾಕಿ ತೋರಿಸ್ತೀನಿ' ಅನ್ನು. ಇದರಲ್ಲಿ ಒಂದಕ್ಷರ ಸುಳ್ಳಿಲ್ಲ.

ಮಾಲೀಕರ ಕಡೆಯಿಂದಲೂ ಸ್ವಲ್ಪ ಯೋಚನೆ ಮಾಡು. ಹೆಚ್ಚಿನವರು ಇಎಂಐ ಕಟ್ಟುತ್ತಿರುವವರು. ಹೊಸಬ ಕ್ಲಚ್ ಮೇಲೆ ಕಾಲಿಟ್ಟುಕೊಂಡೇ ಓಡಿಸಿದರೆ ಪ್ಲೇಟ್ ಹೋಗುತ್ತದೆ, ಡಿವೈಡರ್‌ಗೆ ಉಜ್ಜಿದರೆ ಟೈರ್ ಹೋಗುತ್ತದೆ. ಅದಕ್ಕೇ ಹೆದರುತ್ತಾರೆ. ಅದಕ್ಕೇ ಮೊದಲ ದಿನವೇ ಸ್ಟೇರಿಂಗ್ ಕೇಳಬೇಡ. 'ಸೆಕೆಂಡ್ ಡ್ರೈವರ್ ಆಗಿ ಬರ್ತೀನಿ' ಅಂತ ಕೇಳು. ಹುಬ್ಬಳ್ಳಿ, ಮಂಗಳೂರು ಲೈನ್‌ನಲ್ಲಿ ಹಳಬರಿಗೆ ರಾತ್ರಿ ಹೊತ್ತು ಜೊತೆ ಬೇಕು. ಸಂಬಳ ಕಮ್ಮಿ, ದಾರಿ ಖರ್ಚಿಗೆ ಬತ್ತಾ ಸಿಗುತ್ತದೆ. ಹಗ್ಗ ಬಿಗಿಯುವುದು, ಟಾರ್ಪಾಲ್ ಹೊದಿಸುವುದು, ಟೈರ್ ತಟ್ಟಿ ಸದ್ದು ಕೇಳುವುದು ಎಲ್ಲ ನಿನ್ನ ಪಾಲಿಗೆ ಬರುತ್ತದೆ. ಮಾಡು. ನಾನು ಟೈಲ್ ಲ್ಯಾಂಪ್ ಒಡೆದ ಮೇಲೆ ಒಂದು ವರ್ಷ ಟಾಟಾ ಏಸ್‌ನಲ್ಲಿ ಎಪಿಎಂಸಿ ಯಾರ್ಡಿನಿಂದ ಈರುಳ್ಳಿ ಹೊಡೆದೆ. ಆಮೇಲೆ ಎಂಟು ತಿಂಗಳು ಒಬ್ಬ ಅಣ್ಣನ ಪಕ್ಕ ಕೂತೆ.

ಆ ಅಣ್ಣನ ಹತ್ತಿರ ಕಲಿತದ್ದು ಯಾವ ಡ್ರೈವಿಂಗ್ ಸ್ಕೂಲಿನಲ್ಲೂ ಇಲ್ಲ. ಶಿರಾಡಿ ಘಾಟಿಯಲ್ಲಿ ಮೊದಲ ಸಲ ನನ್ನ ಕೈಗೆ ಗಾಡಿ ಕೊಟ್ಟಾಗ, 'ಯಾವ ಗೇರಲ್ಲಿ ಹತ್ತುತ್ತೀಯೋ ಅದೇ ಗೇರಲ್ಲಿ ಇಳಿ' ಅಂದರು. ನಾನು ಬ್ರೇಕ್ ಮೇಲೆ ಕಾಲಿಟ್ಟರೆ ತೊಡೆಗೆ ಒಂದು ಏಟು ಬೀಳುತ್ತಿತ್ತು. ಲೋಡ್ ಗಾಡಿಯನ್ನು ಇಳಿಜಾರಿನಲ್ಲಿ ಬರೀ ಬ್ರೇಕಲ್ಲಿ ತಡೆಯುತ್ತಾ ಹೋದರೆ ಬ್ರೇಕ್ ಲೈನರ್ ಕಾದು, ಬೇಕಾದಾಗ ಹಿಡಿಯುವುದೇ ಇಲ್ಲ. ಸಣ್ಣ ಗೇರಿನಲ್ಲಿಟ್ಟು, ಇಂಜಿನ್ನೇ ಗಾಡಿಯನ್ನು ತಡೆಯುವ ಹಾಗೆ ಮಾಡಬೇಕು. ಘಾಟಿ ಕೆಳಗಿನ ಗುಂಡ್ಯ ತಲುಪುವಷ್ಟರಲ್ಲಿ ಅಂಗಿ ಒದ್ದೆ. ಅಣ್ಣ ಮಾತ್ರ ಎಲೆ ಅಡಿಕೆ ಜಗಿಯುತ್ತಾ ಕೂತಿದ್ದರು.

ಪೇಪರ್ ವಿಷಯ ಬೇಗ ಹೇಳಿಬಿಡುತ್ತೇನೆ. ಒರಿಜಿನಲ್ ಡಿಎಲ್ ಯಾರ ಹತ್ತಿರವೂ ಒತ್ತೆ ಇಡಬೇಡ. ಕೆಲವರು 'ಇಲ್ಲಿರಲಿ, ಬಿಟ್ಟು ಹೋಗುವಾಗ ಕೊಡ್ತೀವಿ' ಅನ್ನುತ್ತಾರೆ, ಜೆರಾಕ್ಸ್ ಕೊಟ್ಟರೆ ಸಾಕು. ಗಾಡಿ ಹತ್ತುವ ಮೊದಲು ಎಫ್‌ಸಿ (ಗಾಡಿಯ ಫಿಟ್ನೆಸ್ ಸರ್ಟಿಫಿಕೇಟ್), ಇನ್ಶೂರೆನ್ಸ್, ಪರ್ಮಿಟ್ ತಾರೀಖು ನೀನೇ ನೋಡು. ಲೋಡಿನ ಜೊತೆ ಇರುವ ಜಿಎಸ್‌ಟಿ ಪೇಪರ್, ಅಂದರೆ ಇ-ವೇ ಬಿಲ್‌ನ ವಾಯಿದೆ 200 ಕಿಲೋಮೀಟರಿಗೆ ಒಂದು ದಿನದ ಲೆಕ್ಕ. ದಾರಿಯಲ್ಲಿ ಕೆಟ್ಟು ನಿಂತರೆ ತಕ್ಷಣ ಆಫೀಸಿಗೆ ಹೇಳಿ ಟೈಮ್ ಹೆಚ್ಚಿಸಿಕೋ. ಆಮೇಲೆ ಓವರ್‌ಲೋಡ್. ಹತ್ತು ಚಕ್ರದ ಲಾರಿಗೆ ಗಾಡಿ ತೂಕವೂ ಸೇರಿ 28.5 ಟನ್ನಿಗಿಂತ ಜಾಸ್ತಿ ಹೋಗುವ ಹಾಗಿಲ್ಲ. 2019ರ ತಿದ್ದುಪಡಿ ಆದ ಮೇಲೆ ಮೋಟಾರು ವಾಹನ ಕಾಯ್ದೆಯಲ್ಲಿರುವ ದಂಡ 20 ಸಾವಿರ, ಅದರ ಮೇಲೆ ಹೆಚ್ಚಾದ ಪ್ರತಿ ಟನ್ನಿಗೆ 2 ಸಾವಿರ. 'ಏನಾಗಲ್ಲ ನಡಿ' ಅನ್ನುವ ಮಾಲೀಕ ಹಿಡಿದ ದಿನ ಫೋನ್ ಎತ್ತುವುದಿಲ್ಲ, ನನಗಾಗಿದೆ.

ನಮ್ಮೂರಿನ ಆ ಇಬ್ಬರು ಹುಡುಗರಿಗೂ ಒಂದು ಮಾತು. ಹೆವಿ ಇಲ್ಲ ಅಂತ ಮನೆಯಲ್ಲಿ ಕೂರಬೇಡಿ. ಕಾರು ಓಡಿಸುವ ಮಾಮೂಲಿ ಎಲ್‌ಎಂವಿ (ಲೈಟ್ ಮೋಟಾರ್ ವೆಹಿಕಲ್) ಲೈಸೆನ್ಸ್‌ನಲ್ಲೇ 7,500 ಕೆಜಿ ಒಳಗಿನ ಗೂಡ್ಸ್ ಗಾಡಿ ಓಡಿಸಬಹುದು ಅಂತ 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದು ಆರ್‌ಸಿಯಲ್ಲಿರುವ ಗ್ರಾಸ್ ತೂಕ, ಅಂದರೆ ಗಾಡಿಯದೂ ಲೋಡಿನದೂ ಸೇರಿ, ಬರೀ ಲೋಡಿನದಲ್ಲ. ವಯಸ್ಸು 20 ತುಂಬಿರಬೇಕು.

ಸರಿ, ನಿನ್ನ ವಿಷಯ. ನಮ್ಮ ಮಾಲೀಕರ ಹತ್ತಿರ ಮಾತಾಡಿದ್ದೇನೆ. ಟ್ರ್ಯಾಕ್ಟರ್ ಅಂದ ತಕ್ಷಣ ಮುಖ ಗಂಟು ಹಾಕಿದರು. ಕಬ್ಬಿನ ಟ್ರೇಲರ್ ಅಂದ ಮೇಲೆ 'ಬರಲಿ, ನೋಡೋಣ' ಅಂದರು. ಅಷ್ಟೇ ಹೇಳಿರುವುದು, ಕೆಲಸ ಕೊಡುತ್ತೇನೆ ಅಂದಿಲ್ಲ. ಭಾನುವಾರ ಬೆಳಿಗ್ಗೆ ಯಾರ್ಡ್ ಖಾಲಿ ಇರುತ್ತದೆ. ಶನಿವಾರ ರಾತ್ರಿಯೇ ಬಂದು ನಮ್ಮ ರೂಮಿನಲ್ಲಿ ಮಲಗು. ಬೆಳಿಗ್ಗೆ ಅವರು ಬರುವ ಮೊದಲು ನಮ್ಮ ಗಾಡಿಯಲ್ಲೇ ನಾಲ್ಕು ಸಲ ಹಿಂದಕ್ಕೆ ಹಾಕು, ಕನ್ನಡಿ ನಿನ್ನ ಕಣ್ಣಿಗೆ ಹೊಂದಿಸಿಕೋ. ಚಪ್ಪಲಿ ಬೇಡ, ಶೂ ಹಾಕಿಕೊಂಡು ಬಾ. ಹಿಂದೆ ನಿಂತು 'ಬರ್ಲಿ ಬರ್ಲಿ' ಅನ್ನುವುದಕ್ಕೆ ನಾನಿದ್ದೇನೆ. ಹೋಲ್ಡಾನ್ ಅಂದರೆ ಮಾತ್ರ ತಕ್ಷಣ ನಿಲ್ಲಿಸು, ಪಕ್ಕದಲ್ಲಿ ನಿಂತಿರುವುದು ಹೊಸ ಗಾಡಿ.

ಬರುವಾಗ ಎರಡು ಕೆಜಿ ಅಚ್ಚು ಬೆಲ್ಲ ತಗೊಂಡು ಬಾ. ಮಾಲೀಕರಿಗಲ್ಲ, ನನಗೆ.

ಇಂತಿ,
ಟ್ರೇಲರ್ ಮಡಚಿದ ನಿನ್ನ ಗೆಳೆಯ