ವಲಸೆ ಕಾನೂನು: ಮಾಲೀಕರಿಗೇಕೆ ವಿನಾಯಿತಿ?

ಮಾನ್ಯ ಸಂಪಾದಕರೇ,

ಅಮೆರಿಕದಲ್ಲಿ ದಾಖಲೆಯಿಲ್ಲದ ವಲಸಿಗರಿಗೆ ಮಾನ್ಯತೆ ಕೊಡುವ ಮಾತು ಬಂದಾಗಲೆಲ್ಲ, 1986ರ ಕ್ಷಮಾದಾನದಿಂದಲೇ ಎಲ್ಲ ಕೆಟ್ಟಿತೆಂಬ ವಾದ ಏಳುತ್ತದೆ. ಅಧ್ಯಕ್ಷ ರೊನಾಲ್ಡ್ ರೇಗನ್ ಸಹಿ ಹಾಕಿದ ಆ ಕಾಯ್ದೆಯಿಂದ ಸುಮಾರು 27 ಲಕ್ಷ ಜನ ಕಾಯಂ ನಿವಾಸಿಗಳಾದದ್ದು ನಿಜ. ಆದರೆ ನನ್ನ ಪ್ರಕಾರ ಎಡವಟ್ಟಾದದ್ದು ಅದರ ಇನ್ನೊಂದು ಭಾಗದಲ್ಲಿ. ಅಕ್ರಮ ವಲಸಿಗರನ್ನು ಕೆಲಸಕ್ಕಿಟ್ಟುಕೊಂಡ ಮಾಲೀಕರಿಗೆ ದಂಡ ಎಂದು ಕಾಯ್ದೆ ಹೇಳಿತು. ಆದರೆ ಕೆಲಸ ಕೇಳಿ ಬಂದವನು ತೋರಿಸಿದ ಕಾಗದಪತ್ರ ಮೇಲ್ನೋಟಕ್ಕೆ ಅಸಲಿಯಂತೆ ಕಂಡರೆ ಸಾಕು, ಮಾಲೀಕ ಪಾರು. ನಕಲಿ ಗುರುತಿನ ಚೀಟಿಗಳ ದಂಧೆಗೆ ಇನ್ನೇನು ಬೇಕು? ತೋಟದಲ್ಲಿ ಹಣ್ಣು ಕೀಳುವವನನ್ನು ಗಡೀಪಾರು ಮಾಡುತ್ತಾರೆ, ಅವನ ಅಗ್ಗದ ಕೂಲಿಯಿಂದ ಲಾಭ ಎಣಿಸಿದವನನ್ನು ಕೇಳುವವರು ಅಪರೂಪ.

2013ರಲ್ಲಿ ಸೆನೆಟ್ 68–32 ಮತಗಳಿಂದ ಒಪ್ಪಿದ ಮಸೂದೆಯಲ್ಲಿ ಗಡಿ ಕಾವಲಿನ ಹೆಚ್ಚಳ, ಪೌರತ್ವಕ್ಕೆ ದೀರ್ಘ ಹಾದಿ, ಮಾಲೀಕರಿಗೆ ಕಡ್ಡಾಯ ವಿದ್ಯುನ್ಮಾನ ಪರಿಶೀಲನೆ ಮೂರೂ ಇದ್ದವು. ಕೆಳಮನೆ ಅದನ್ನು ಮತಕ್ಕೇ ಹಾಕಲಿಲ್ಲ.

ಎಚ್‌1ಬಿ ವೀಸಾದಲ್ಲಿ ಹೋದ ಕನ್ನಡಿಗರಿಗೂ ಈ ಜಗ್ಗಾಟದ ಬಿಸಿ ತಟ್ಟಿದೆ. ಗ್ರೀನ್ ಕಾರ್ಡ್ ಸರದಿ ಬರುವ ಮೊದಲೇ 21 ತುಂಬಿದ ಮಕ್ಕಳು ಅವಲಂಬಿತರ ವೀಸಾ ಕಳೆದುಕೊಳ್ಳುತ್ತಾರೆ. ಚಿಕ್ಕಂದಿನಲ್ಲಿ ಬಂದ ದಾಖಲೆರಹಿತರಿಗೆ 2012ರಲ್ಲಿ ಸಿಕ್ಕ ತಾತ್ಕಾಲಿಕ ರಕ್ಷಣೆಯೂ, ಕಾನೂನುಬದ್ಧವಾಗಿ ಬಂದರೆಂಬ ಕಾರಣಕ್ಕೇ, ಇವರಿಗಿಲ್ಲ. ಎಂಥ ಅನ್ಯಾಯ! ಗಡಿ ಭದ್ರವಾಗುವ ತನಕ ಬೇರೆ ಮಾತಿಲ್ಲ ಎನ್ನುವ ಸಂಸದರು ಈ ಮಕ್ಕಳ ವಿಷಯವನ್ನಾದರೂ ಪ್ರತ್ಯೇಕ ಮಸೂದೆಯಾಗಿ ಕೈಗೆತ್ತಿಕೊಳ್ಳಲಿ.

– ಓದುಗ, ಮೈಸೂರು